ಲೇಖನಿಸಹಿತ ಟ್ಯಾಬ್ಲೆಟ್ ಗಣಕಯಂತ್ರದ ಆಯ್ಕೆ: ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ಬಳಕೆದಾರರಿಗೆ ಮಾಹಿತಿ

ಪೀಠಿಕೆ

ಪರದೆಯ ಮೇಲೆ ವಿದ್ಯುನ್ಮಾನ ಲೇಖನಿಯಿಂದ ನೇರವಾಗಿ ಬರೆಯಲು, ಗೆರೆ ಎಳೆಯಲು ಹಾಗೂ ನಕ್ಷೆಯನ್ನು ಗುರುತಿಸಲು ಅನುಕೂಲವಿರುವ ಫಲಕರೂಪದ ಗಣಕಯಂತ್ರವನ್ನು ಲೇಖನಿಸಹಿತ ಟ್ಯಾಬ್ಲೆಟ್ ಎಂದು ಕರೆಯಲಾಗುತ್ತದೆ. ಇವುಗಳ ಪೈಕಿ ವರ್ಷದ ಅತ್ಯುತ್ತಮ ಸಾಧನ ಯಾವುದು ಎಂಬ ಪಟ್ಟಿಗಳು ಪ್ರತಿವರ್ಷವೂ ಪ್ರಕಟವಾಗುತ್ತವೆ. ಅಂತಹ ಪಟ್ಟಿಗಳಲ್ಲಿ ಹೆಚ್ಚಿನವು ತಂಪಾದ ಕೊಠಡಿಯಲ್ಲಿ ಕುಳಿತು, ಆಂಗ್ಲಭಾಷೆಯಲ್ಲಿ ಬರೆಯುವ ಮತ್ತು ಮನೆಯ ಸಮೀಪದಲ್ಲಿಯೇ ದುರಸ್ತಿ ಕೇಂದ್ರವನ್ನು ಹೊಂದಿರುವ ಬಳಕೆದಾರರನ್ನು ಗಮನದಲ್ಲಿರಿಸಿಕೊಂಡು ಸಿದ್ಧಪಡಿಸಿದಂತಿರುತ್ತವೆ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಪಟ್ಟಣಗಳು 150ಎ ರಾಷ್ಟ್ರೀಯ ಹೆದ್ದಾರಿಯ ಮೇಲೆ ಒಂದರ ನಂತರ ಒಂದರಂತೆ ಇವೆ. ಒಂದು ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು, ಇನ್ನೊಂದು ಕಡೆ ಮಳೆಯಾಶ್ರಿತ ಎರೆ ಹೊಲಗಳು ಮತ್ತು ಹಟ್ಟಿಯ ಚಿನ್ನದ ಗಣಿ ಇರುವ ಈ ಸೀಮೆಯಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಿಶೇಷವೇನಲ್ಲ. ಇಲ್ಲಿ ಟ್ಯಾಬ್ಲೆಟ್ ಖರೀದಿಸುವವರು ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು, ಭೂಮಾಪಕರು, ಸಹಕಾರ ಸಂಘಗಳ ಸಿಬ್ಬಂದಿ, ಕೃಷಿ ಸಲಹೆಗಾರರು ಮುಂತಾದವರು. ಮಗಳ ಓದಿಗೆಂದು ಒಂದು ಕುಟುಂಬವು 40 ಸಾವಿರ ರೂಪಾಯಿಗಳನ್ನು ತೆತ್ತು ತಂದ ಸಾಧನದಲ್ಲಿ ಕನ್ನಡದ ಒತ್ತಕ್ಷರ ಮೂಡದಿದ್ದರೆ ಅಥವಾ ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ತಾನಾಗಿಯೇ ಸ್ಥಗಿತಗೊಂಡರೆ, ಆ ಮೊತ್ತವನ್ನು ಮುಂದಿನ ಸುಗ್ಗಿಯವರೆಗೆ ಮತ್ತೆ ಹೊಂದಿಸುವುದು ಸುಲಭವಲ್ಲ. ಆದಕಾರಣ ಈ ಭಾಗದ ಬಳಕೆದಾರರು ಮೊದಲು ಲೇಖನಿಯನ್ನು, ಅನಂತರ ಪರದೆಯನ್ನು, ಕಡೆಯಲ್ಲಿ ಸಂಸ್ಕಾರಕದ ವೇಗವನ್ನು ಪರಿಶೀಲಿಸುವುದು ಸೂಕ್ತ. ಜಾಹೀರಾತುಗಳಲ್ಲಿ ಈ ಕ್ರಮವು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ.

ಕರ್ನಾಟಕದಲ್ಲಿ ಹಿಂದಿನ ಪ್ರಯೋಗ

ಲೇಖನಿಯಿಂದ ನಡೆಯುವ ಗಣಕಯಂತ್ರ ನಮ್ಮ ರಾಜ್ಯಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರು ಕೂಡಿ ರೂಪಿಸಿದ ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಸಾಧನದ ಮಾದರಿಯನ್ನು 2001ರಲ್ಲಿ ಸಾರ್ವಜನಿಕರಿಗೆ ಪ್ರದರ್ಶಿಸಲಾಯಿತು. ಸಾಕ್ಷರರಲ್ಲದವರೂ ತಮ್ಮ ಭಾಷೆಯಲ್ಲಿಯೇ ಬಳಸಬಹುದಾದ ಅಗ್ಗದ ಗಣಕವನ್ನು ಒದಗಿಸುವುದು ಇದರ ಉದ್ದೇಶವಾಗಿತ್ತು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಸ್ಮಾರ್ಟ್ ಕಾರ್ಡ್ ಓದುವ ಸೌಲಭ್ಯ ಹಾಗೂ ಪರದೆಯ ಮೇಲೆ ಒತ್ತಿ ಬರೆಯುವ ಕಡ್ಡಿ ಇದರಲ್ಲಿದ್ದವು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಪೈಕೋಪೇಟಾ ಸಂಸ್ಥೆಯೊಡನೆ ‘ಅಮಿಡಾ’ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಭೂದಾಖಲೆಗಳ ಮಾಹಿತಿ ಸಂಗ್ರಹಣೆಗೆ ಕರ್ನಾಟಕ ಸರ್ಕಾರವು ಸಿಂಪ್ಯೂಟರ್ ಅನ್ನು ಬಳಸಿತ್ತು. ಹೊಲದ ಬದುವಿನ ಮೇಲೆ ನಿಂತು ಪಹಣಿಯ ವಿವರವನ್ನು ಬರೆದುಕೊಳ್ಳುವ ಕೆಲಸಕ್ಕೆ ಕೀಲಿಮಣೆಗಿಂತ ಲೇಖನಿಯೇ ಹೊಂದುತ್ತದೆ ಎಂಬ ತಿಳಿವಳಿಕೆ ಆಗಲೇ ಇತ್ತು. ಸಾಧನವು ವ್ಯಾಪಾರದಲ್ಲಿ ನೆಲೆಯೂರಲಿಲ್ಲವಾದರೂ ಆ ತಿಳಿವಳಿಕೆ ಸರಿಯಾದುದೇ.

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್ಲೆಟ್‌ನ ಮೊದಲ ಆವೃತ್ತಿಯು ಒತ್ತಡವನ್ನು ಗ್ರಹಿಸುವ ಹಳೆಯ ಬಗೆಯ ಪರದೆಯನ್ನು ಹೊಂದಿತ್ತು. ಬೆಲೆ ಅತ್ಯಂತ ಕಡಿಮೆಯಾಗಿದ್ದಿತಾದರೂ ಪರದೆಯ ಸ್ಪಂದನೆ ನಿಧಾನವಾಗಿತ್ತೆಂಬ ದೂರುಗಳು ಬಂದವು. ಬರೆಯುವ ಸಾಧನದಲ್ಲಿ ಕೈಗೂ ಗೆರೆಗೂ ನಡುವೆ ವಿಳಂಬವಿದ್ದರೆ ಬಳಕೆದಾರರು ಒಂದೆರಡು ವಾರಗಳಲ್ಲಿ ಕಾಗದಕ್ಕೆ ಮರಳುತ್ತಾರೆ.

ಲೇಖನಿಯ ಬಗೆಗಳು

ಅಂಗಡಿಗಳಲ್ಲಿ ‘ಸ್ಟೈಲಸ್’ ಎಂಬ ಒಂದೇ ಹೆಸರಿನಡಿ ದೊರೆಯುವ ವಸ್ತುಗಳು ತಾಂತ್ರಿಕವಾಗಿ ಬೇರೆಬೇರೆ. ರಬ್ಬರು ಅಥವಾ ಜಾಲರಿ ತುದಿಯ ಅಗ್ಗದ ಕಡ್ಡಿಯು ಬೆರಳಿನ ಬದಲಿ ವಸ್ತುವೇ ಹೊರತು ಲೇಖನಿಯಲ್ಲ. ಅದು ಯಾವ ಟ್ಯಾಬ್ಲೆಟ್ ಮೇಲಾದರೂ ಕೆಲಸ ಮಾಡುತ್ತದೆ. ಆದರೆ ಅಂಗೈ ಪರದೆಗೆ ತಾಗಿದೊಡನೆ ಗೆರೆ ಕೆಡುತ್ತದೆ. ‘ಎಲ್ಲ ಟ್ಯಾಬ್ಲೆಟ್‌ಗಳಿಗೂ ಹೊಂದುತ್ತದೆ’ ಎಂದು ಬರೆದಿರುವ ಕಡ್ಡಿಗಳು ಬಹುಮಟ್ಟಿಗೆ ಈ ವರ್ಗಕ್ಕೆ ಸೇರಿದವು.

ಎರಡನೆಯದು ವಿದ್ಯುತ್ಕಾಂತೀಯ ಅನುರಣನ ತತ್ವದ ಲೇಖನಿ. ಪರದೆಯ ಹಿಂಭಾಗದಲ್ಲಿರುವ ಸೂಕ್ಷ್ಮ ತಂತಿಗಳ ಜಾಲವು ಲೇಖನಿಯೊಳಗಿನ ಸುರುಳಿಗೆ ಶಕ್ತಿಯನ್ನು ನೀಡಿ, ಅದು ಹಿಂತಿರುಗಿಸುವ ಸಂಕೇತದಿಂದ ತುದಿಯ ಸ್ಥಾನವನ್ನೂ ಒತ್ತಡವನ್ನೂ ಅಳೆಯುತ್ತದೆ. ಜಪಾನಿನ ವಾಕಮ್ ಸಂಸ್ಥೆಯಿಂದ ಪ್ರಸಿದ್ಧಿಗೆ ಬಂದ ಈ ತಂತ್ರವನ್ನು ಸ್ಯಾಮ್‌ಸಂಗ್ ಸಂಸ್ಥೆಯು 2011ರಿಂದ ‘ಎಸ್ ಪೆನ್’ ಹೆಸರಿನಲ್ಲಿ ಬಳಸುತ್ತಾ ಬಂದಿದೆ. ಬರವಣಿಗೆಗೆ ಈ ಲೇಖನಿಯನ್ನು ಚಾರ್ಜ್ ಮಾಡುವ ಅಗತ್ಯವೇ ಇಲ್ಲ. ವಿದ್ಯುತ್ ಪೂರೈಕೆ ಅನಿಯಮಿತವಾಗಿರುವ ಹಳ್ಳಿಗಳಲ್ಲಿ ಇದು ಸಣ್ಣ ಅನುಕೂಲವಲ್ಲ. ಟ್ಯಾಬ್ಲೆಟ್‌ನಲ್ಲಿ ಶಕ್ತಿ ಉಳಿದಿರುವವರೆಗೆ ಲೇಖನಿಯೂ ನಡೆಯುತ್ತದೆ.

ಮೂರನೆಯದು ಬ್ಯಾಟರಿಯುಳ್ಳ ಸಕ್ರಿಯ ಲೇಖನಿ. ಆ್ಯಪಲ್ ಪೆನ್ಸಿಲ್, ಮೈಕ್ರೋಸಾಫ್ಟ್ ಸರ್ಫೇಸ್ ಲೇಖನಿಗಳು ಮತ್ತು ವಿಂಡೋಸ್ ಗಣಕಗಳೊಡನೆ ಬರುವ ಅನೇಕ ಲೇಖನಿಗಳು ಈ ಗುಂಪಿನವು. ಬರವಣಿಗೆಯ ಗುಣಮಟ್ಟದಲ್ಲಿ ಇವು ಕಡಿಮೆಯೇನಲ್ಲ. ಆದರೆ ಒಂದು ಸಂಸ್ಥೆಯ ಲೇಖನಿ ಮತ್ತೊಂದರ ಪರದೆಯ ಮೇಲೆ ನಡೆಯುತ್ತದೆಂಬ ಖಾತರಿಯಿಲ್ಲ. ಕೆಲವೊಮ್ಮೆ ಅದೇ ಸಂಸ್ಥೆಯ ಹಳೆಯ ಲೇಖನಿಯೂ ಹೊಸ ಪರದೆಗೆ ಹೊಂದುವುದಿಲ್ಲ. ನಾಲ್ಕು ‘ಎ’ ಅಕ್ಷರಗಳಿಂದ ಗುರುತಿಸಲಾಗುವ ತೀರ ತೆಳ್ಳನೆಯ ಸೆಲ್‌ಗಳನ್ನು ಬಳಸುವ ಲೇಖನಿಗಳೂ ಇವೆ. ಗೋಡೆ ಗಡಿಯಾರದ ಸೆಲ್ ದೊರೆಯುವ ಅಂಗಡಿಯಲ್ಲೆಲ್ಲ ಅವು ದೊರೆಯುತ್ತವೆಂದು ಭಾವಿಸಬಾರದು. ತಾಲ್ಲೂಕು ಕೇಂದ್ರದಲ್ಲಿ ವಾಸಿಸುವವರು ಅಂತಹ ಲೇಖನಿಯನ್ನು ಆಯ್ದುಕೊಳ್ಳದಿರುವುದೇ ಲೇಸು.

4096 ಹಂತದ ಒತ್ತಡ ಸಂವೇದನೆ ಎಂಬ ಅಂಕಿಯು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿತವಾಗಿರುತ್ತದೆ. ಚಿತ್ರ ಬರೆಯುವವರಿಗೆ ಇದು ಮುಖ್ಯ. ಪಾಠದ ಟಿಪ್ಪಣಿ, ಲೆಕ್ಕ ಅಥವಾ ಜಮೀನಿನ ಕೈನಕ್ಷೆ ಬರೆಯುವವರಿಗೆ ಒತ್ತಡದ ಹಂತಗಳಿಗಿಂತಲೂ ಅಂಗೈಯನ್ನು ಪರದೆಯ ಮೇಲೆ ಊರಿ ಬರೆಯಲು ಸಾಧ್ಯವೇ ಎಂಬುದು ಹೆಚ್ಚು ಮುಖ್ಯ.

ಕನ್ನಡದ ಕೈಬರಹ ಮತ್ತು ಪರೀಕ್ಷೆ

ಕನ್ನಡ ಲಿಪಿಯು ಲೇಖನಿಸಹಿತ ಸಾಧನಕ್ಕೆ ಕಠಿಣವಾದ ಪರೀಕ್ಷೆಯನ್ನೇ ಒಡ್ಡುತ್ತದೆ. ರೋಮನ್ ಲಿಪಿಯಂತೆ ಇದು ಒಂದೇ ಸಾಲಿನ ಮೇಲೆ ಸಾಗುವುದಿಲ್ಲ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಅರ್ಕಾವೊತ್ತು ಉಚ್ಚಾರಣೆಯಲ್ಲಿ ಮೊದಲು ಬಂದರೂ ಬರಹದಲ್ಲಿ ನಂತರ ಬರುತ್ತದೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಅಕ್ಷರಗಳ ನಡುವಿನ ವ್ಯತ್ಯಾಸ ಕೇವಲ ಒಂದು ಸಣ್ಣ ಸೀಳು. ಲೇಖನಿಯ ತುದಿಯು ಗಾಜನ್ನು ತಾಕಿ ಕ್ಷಣಾರ್ಧದಲ್ಲಿ ಮೇಲೇಳುವ ಈ ಸೀಳನ್ನು ಪರದೆಯು ಗ್ರಹಿಸದೆ ಹೋದರೆ ‘ಧನ’ವು ‘ದನ’ವಾಗುತ್ತದೆ. ಪ್ರತಿ ಐದಾರು ಪದಗಳಿಗೊಮ್ಮೆ ಇಂತಹ ತಿದ್ದುಪಡಿ ಮಾಡಬೇಕಾಗಿ ಬಂದರೆ ಸಾಧನದ ಬೆಲೆ ಎಷ್ಟೇ ಇರಲಿ, ಅದು ಕನ್ನಡಕ್ಕೆ ಒಗ್ಗಿದುದಲ್ಲ.

ಆದುದರಿಂದ ಖರೀದಿಗೆ ಮುನ್ನ ಅಂಗಡಿಯಲ್ಲಿಯೇ ಬರೆದು ನೋಡತಕ್ಕದ್ದು. ಪರೀಕ್ಷೆಗೆ ದೂರ ಹುಡುಕಬೇಕಾಗಿಲ್ಲ. ಸಿಂಧನೂರು ಎಂಬ ಹೆಸರಿನಲ್ಲಿ ಅನುಸ್ವಾರವೂ ಮಹಾಪ್ರಾಣವೂ ಇವೆ. ಲಿಂಗಸುಗೂರು ಎಂದು ಬರೆಯುವಾಗ ಕೊಂಬಿನ ಹ್ರಸ್ವ ಮತ್ತು ದೀರ್ಘ ರೂಪಗಳೆರಡೂ ಬರುತ್ತವೆ. ಮಸ್ಕಿಯಲ್ಲಿ ಒತ್ತಕ್ಷರವಿದೆ. ಇವುಗಳೊಡನೆ ಕೃಷ್ಣಾ, ತುಂಗಭದ್ರಾ, ವರ್ಷ, ರಾಷ್ಟ್ರ ಎಂಬ ನಾಲ್ಕು ಪದಗಳನ್ನು ಸೇರಿಸಿದರೆ ವಟ್ರಸುಳಿ, ಅರ್ಕಾವೊತ್ತು ಮತ್ತು ಎರಡು ಒತ್ತುಗಳು ಒಂದರ ಕೆಳಗೊಂದು ಬರುವ ಸಂಯುಕ್ತಾಕ್ಷರ ಎಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ಈ ಏಳು ಪದಗಳನ್ನು ಮೊದಲು ನಿಧಾನವಾಗಿ, ಅನಂತರ ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವ ವೇಗದಲ್ಲಿ, ಅಂಗೈಯನ್ನು ಪರದೆಯ ಮೇಲೆ ಊರಿಯೇ ಬರೆಯಬೇಕು. ಮಾರಾಟಗಾರರು ತೋರಿಸುವ ಸಹಿ ಅಥವಾ ಹೂವಿನ ಚಿತ್ರದಿಂದ ಇದಾವುದೂ ತಿಳಿಯದು.

ಬರೆದುದನ್ನು ಚಿತ್ರರೂಪದಲ್ಲಿಯೇ ಉಳಿಸುವುದು ಒಂದು ಕ್ರಮ. ಅದನ್ನು ಅಚ್ಚಿನ ಅಕ್ಷರಗಳಾಗಿ ಪರಿವರ್ತಿಸುವುದು ಇನ್ನೊಂದು. ಎರಡನೆಯದಕ್ಕೆ ಕೈಬರಹವನ್ನು ಗುರುತಿಸುವ ತಂತ್ರಾಂಶ ಬೇಕು. ಗೂಗಲ್ ಸಂಸ್ಥೆಯು 2015ರಲ್ಲಿ ಆಂಡ್ರಾಯ್ಡ್ ಸಾಧನಗಳಿಗೆ ಒದಗಿಸಿದ ಕೈಬರಹ ಕೀಲಿಮಣೆಯಲ್ಲಿ ಕನ್ನಡವೂ ಸೇರಿತ್ತು. ನಂತರ ಈ ಸೌಲಭ್ಯವು ಅದರ ಜಿಬೋರ್ಡ್ ಕೀಲಿಮಣೆಯಲ್ಲಿ ಮುಂದುವರಿದಿದೆ. ಆಂಗ್ಲ ಕೈಬರಹವನ್ನು ಪರಿವರ್ತಿಸುವ ಟಿಪ್ಪಣಿ ತಂತ್ರಾಂಶಗಳೆಲ್ಲವೂ ಕನ್ನಡವನ್ನು ಪರಿವರ್ತಿಸುತ್ತವೆಂದು ತಿಳಿಯಬಾರದು. ಹೀಗೆ ದೊರೆಯುವ ಪಠ್ಯವು ಯೂನಿಕೋಡ್‌ನಲ್ಲಿರುತ್ತದೆ. ಕಚೇರಿಗಳಲ್ಲಿ ಇಂದಿಗೂ ಉಳಿದಿರುವ ಹಳೆಯ ನುಡಿ ಕಡತಗಳು ಬೇರೊಂದು ಸಂಕೇತಕ್ರಮದಲ್ಲಿರುವುದರಿಂದ ಎರಡನ್ನೂ ಒಂದೇ ದಸ್ತಾವೇಜಿನಲ್ಲಿ ಬೆರೆಸಿ ಒಂದೇ ಅಕ್ಷರಶೈಲಿ ನೀಡಿದರೆ ಅರ್ಧ ಭಾಗ ಓದಲು ಬಾರದಂತಾಗುತ್ತದೆ. ಹಳೆಯ ಕಡತಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳತಕ್ಕದ್ದು.

ಬಿಸಿಲು, ದೂಳು ಮತ್ತು ನೀರು

ಆ್ಯಪಲ್ ಸಂಸ್ಥೆಯು ತನ್ನ ಐಪ್ಯಾಡ್‌ಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಬಳಸುವಂತೆ ಸೂಚಿಸಿದೆ. ಲಿಂಗಸುಗೂರಿನ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಮಧ್ಯಾಹ್ನಗಳು ಈ ಮಿತಿಯ ಹೊರಗೇ ಬೀಳುತ್ತವೆ. ಬಿಸಿಯೇರಿದಾಗ ಯಾವುದೇ ಸಂಸ್ಥೆಯ ಟ್ಯಾಬ್ಲೆಟ್ ಆಗಲಿ ಪರದೆಯ ಬೆಳಕನ್ನು ತಗ್ಗಿಸುತ್ತದೆ, ಚಾರ್ಜ್ ಆಗುವುದನ್ನು ನಿಲ್ಲಿಸುತ್ತದೆ ಅಥವಾ ತಾನಾಗಿಯೇ ನಿಲ್ಲುತ್ತದೆ. ಇದು ದೋಷವಲ್ಲ, ಬ್ಯಾಟರಿಯ ರಕ್ಷಣೆಗಾಗಿ ಮಾಡಿರುವ ಏರ್ಪಾಡು. ನಿಂತ ಸಾಧನವನ್ನು ತಣ್ಣೀರಿನ ಬಟ್ಟೆಯಲ್ಲಿ ಸುತ್ತುವುದು, ಶೀತಕಪೆಟ್ಟಿಗೆಯಲ್ಲಿಡುವುದು ಅಪಾಯಕರ. ನೆರಳಿನಲ್ಲಿಟ್ಟು ಕಾಯುವುದೊಂದೇ ದಾರಿ. ವಾಹನದ ಮುಂಭಾಗದ ಗಾಜಿನ ಬಳಿ ಇಟ್ಟುಹೋದ ಟ್ಯಾಬ್ಲೆಟ್‌ನ ಬ್ಯಾಟರಿಯ ಆಯುಷ್ಯ ಒಂದೇ ಬೇಸಿಗೆಯಲ್ಲಿ ಗಣನೀಯವಾಗಿ ಕುಗ್ಗಬಹುದು.

ಪರದೆಯ ಪ್ರಕಾಶವನ್ನು ನಿಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ತರಗತಿಗೆ 400 ನಿಟ್ ಸಾಕು. ಬಯಲಿನ ಬೆಳಕಿಗೆ 600 ಅಥವಾ ಅದಕ್ಕೂ ಮೇಲ್ಪಟ್ಟು ಇದ್ದರೆ ಮಾತ್ರ ನಕ್ಷೆಯ ಗೆರೆ ಕಾಣಿಸುತ್ತದೆ. ವಿದ್ಯುನ್ಮಾನ ಕಾಗದದ ಪರದೆಗಳು ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗುತ್ತವೆ ಎಂಬುದು ನಿಜ. ಆದರೆ ಅವು ಓದು ಮತ್ತು ಟಿಪ್ಪಣಿಗಷ್ಟೇ ಸೀಮಿತ. ಬೆಳೆ ಸಮೀಕ್ಷೆಯ ಛಾಯಾಚಿತ್ರಕ್ಕೂ ದಿಶಾಂಕ್‌ನಂತಹ ನಕ್ಷೆಯ ಆ್ಯಪ್‌ಗೂ ಅವು ಒದಗುವುದಿಲ್ಲ.

ದೂಳು ಮತ್ತು ನೀರಿನ ರಕ್ಷಣೆಯನ್ನು ‘ಐಪಿ’ ಎಂಬ ಅಕ್ಷರಗಳ ನಂತರ ಬರುವ ಎರಡು ಅಂಕಿಗಳು ಸೂಚಿಸುತ್ತವೆ. ಐಪಿ68ರಲ್ಲಿ 6 ಎಂದರೆ ದೂಳು ಒಳಹೊಗದು, 8 ಎಂದರೆ ತಯಾರಕರು ನಿಗದಿಪಡಿಸಿದ ಆಳ ಮತ್ತು ಅವಧಿಯವರೆಗೆ ಸಿಹಿನೀರಿನಲ್ಲಿ ಮುಳುಗಿದರೂ ಬಾಧೆಯಿಲ್ಲ ಎಂದರ್ಥ. ಭತ್ತ ಒಕ್ಕುವ ಕಾಲದ ಹೊಟ್ಟು ಮತ್ತು ಎರೆಮಣ್ಣಿನ ನುಣ್ಣನೆಯ ದೂಳನ್ನು ಬಲ್ಲವರಿಗೆ ಮೊದಲ ಅಂಕಿಯ ಬೆಲೆ ತಿಳಿದಿರುತ್ತದೆ. ಪರದೆಯ ಮೇಲೆ ಮರಳಿನ ಕಣವಿರುವಾಗ ಲೇಖನಿಯನ್ನು ಒತ್ತಿ ಬರೆದರೆ ಗಾಜಿಗೆ ಗೀರು ಬೀಳುತ್ತದೆ. ಮೆದು ಬಟ್ಟೆಯೊಂದನ್ನು ಜೊತೆಗಿಟ್ಟುಕೊಳ್ಳುವುದು ಒಳಿತು.

2024 ಮತ್ತು 2025ರ ಕೆಲವು ಸಾಧನಗಳು

ಮೇಲಿನ ಮಾನದಂಡಗಳು ಹೇಗೆ ಅನ್ವಯವಾಗುತ್ತವೆ ಎಂಬುದನ್ನು ತೋರಿಸಲು ಮಾತ್ರ ಇಲ್ಲಿ ಹೆಸರುಗಳನ್ನು ನೀಡಲಾಗಿದೆ. ಇದು ಯಾವುದೇ ಸಂಸ್ಥೆಯ ಪ್ರಚಾರವಲ್ಲ.

ಆ್ಯಪಲ್ ಸಂಸ್ಥೆಯ ಎ16 ಸಂಸ್ಕಾರಕದ ಐಪ್ಯಾಡ್ 2025ರ ಮಾರ್ಚ್‌ನಲ್ಲಿ ಭಾರತದಲ್ಲಿ ರೂ. 34,900 ಆರಂಭಿಕ ಬೆಲೆಗೆ ಬಿಡುಗಡೆಯಾಯಿತು. ಈ ಬೆಲೆಯಲ್ಲಿ ಲೇಖನಿ ಸೇರಿಲ್ಲ. 2023ರಲ್ಲಿ ರೂ. 7,900ಕ್ಕೆ ಬಿಡುಗಡೆಯಾದ ಯುಎಸ್‌ಬಿ-ಸಿ ಮಾದರಿಯ ಪೆನ್ಸಿಲ್ ಅನ್ನು ಸೇರಿಸಿದರೆ ಒಟ್ಟು ರೂ. 42,800 ಆಗುತ್ತದೆ. ಆ ಪೆನ್ಸಿಲ್‌ನಲ್ಲಿ ಒತ್ತಡ ಸಂವೇದನೆಯೂ ಇಲ್ಲ. ಪರದೆಯ ಗಾಜು ಮತ್ತು ಅದರ ಕೆಳಗಿನ ಪದರದ ನಡುವೆ ತೆಳುವಾದ ಅಂತರವಿರುವುದರಿಂದ ಗೆರೆಯು ಲೇಖನಿಯ ತುದಿಯಿಂದ ಕೂದಲೆಳೆಯಷ್ಟು ಸರಿದಂತೆ ಕಾಣುತ್ತದೆ. ಒತ್ತಕ್ಷರ ಬರೆಯುವಾಗ ಈ ಅಂತರ ಗಮನಕ್ಕೆ ಬರುತ್ತದೆ. ಸಂಸ್ಕಾರಕ ಮತ್ತು ತಂತ್ರಾಂಶಗಳ ದೃಷ್ಟಿಯಿಂದ ಇದು ಒಳ್ಳೆಯ ಸಾಧನವೇ. ಆದರೆ ಪಟ್ಟಿಗಳಲ್ಲಿ ನಮೂದಾಗುವ ಬೆಲೆಯನ್ನು ಲೇಖನಿಸಹಿತ ಬೆಲೆಯೆಂದು ಓದಿಕೊಳ್ಳಬಾರದು.

2025ರ ಏಪ್ರಿಲ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎಸ್10 ಎಫ್‌ಇ ಮಾದರಿಯಲ್ಲಿ ಎಸ್ ಪೆನ್ ಪೆಟ್ಟಿಗೆಯಲ್ಲಿಯೇ ಬರುತ್ತದೆ, ಐಪಿ68 ರಕ್ಷಣೆಯೂ ಇದೆ. ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಈ ಮೂರು ತಾಲ್ಲೂಕುಗಳ ಪರಿಸ್ಥಿತಿಯಲ್ಲಿ ಆ ವರ್ಷದ ಸಾಧನಗಳ ಪೈಕಿ ಇದು ಹೆಚ್ಚು ಹೊಂದುವಂತಹುದು. ಅತಿವೇಗದ ಸಂಸ್ಕಾರಕ ಇದರಲ್ಲಿಲ್ಲ. ಪಾಠದ ಟಿಪ್ಪಣಿಗೆ ಅದರ ಅಗತ್ಯವೂ ಇಲ್ಲ.

ಹೊಲ, ಕಾಲುವೆ, ಗಣಿ ಪ್ರದೇಶಗಳಲ್ಲಿ ದುಡಿಯುವವರಿಗೆ 2024ರ ಜನವರಿಯಲ್ಲಿ ಪ್ರಕಟವಾದ ಗ್ಯಾಲಕ್ಸಿ ಟ್ಯಾಬ್ ಆ್ಯಕ್ಟಿವ್5 ಗಮನಾರ್ಹ. 8 ಅಂಗುಲದ, 600 ನಿಟ್ ಪ್ರಕಾಶದ ಪರದೆಯುಳ್ಳ ಇದರ ಮುಖ್ಯ ಅನುಕೂಲವೆಂದರೆ 5050 ಎಂಎಎಚ್ ಬ್ಯಾಟರಿಯನ್ನು ಬಳಕೆದಾರರೇ ಬಿಚ್ಚಿ ಬದಲಿಸಬಹುದು. ಹೆಚ್ಚುವರಿ ಬ್ಯಾಟರಿಯೊಂದು ಚೀಲದಲ್ಲಿದ್ದರೆ ಕಾಲುವೆಯ ಕೊನೆಭಾಗದ ಹಳ್ಳಿಯಲ್ಲಿ ಕೆಲಸ ಅರ್ಧಕ್ಕೆ ನಿಲ್ಲುವುದಿಲ್ಲ. ಲೇಖನಿಗೂ ಐಪಿ68 ರಕ್ಷಣೆಯಿದೆ. ಇದರ ದಪ್ಪ ಅಂಚನ್ನು ಕಂಡು ವರ್ಷದ ಪಟ್ಟಿಗಳನ್ನು ಮಾಡುವವರು ಇದನ್ನು ಕಡೆಗಣಿಸುವುದುಂಟು.

ವಿಂಡೋಸ್ ಟ್ಯಾಬ್ಲೆಟ್‌ಗಳ ವಿಷಯದಲ್ಲಿ ಎರಡು ಎಚ್ಚರಿಕೆಗಳು. ವಿಂಡೋಸ್ 10ರ ಉಚಿತ ಸುರಕ್ಷತಾ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿರುವುದರಿಂದ ವಿಂಡೋಸ್ 11ಕ್ಕೆ ಏರಿಸಲಾಗದ ಹಳೆಯ ಸಾಧನವನ್ನು ಅಗ್ಗವೆಂದು ಕೊಳ್ಳಬಾರದು. 2024ರಲ್ಲಿ ಬಂದ ಸರ್ಫೇಸ್ ಪ್ರೊ ಮುಂತಾದ ಸ್ನಾಪ್‌ಡ್ರ್ಯಾಗನ್ ಸಂಸ್ಕಾರಕದ ಗಣಕಗಳಲ್ಲಿ, ಅವುಗಳಿಗೆಂದೇ ಸಿದ್ಧಪಡಿಸದ ಚಾಲಕ ತಂತ್ರಾಂಶಗಳು ನಡೆಯುವುದಿಲ್ಲ. ಡಿಜಿಟಲ್ ಸಹಿಯ ಟೋಕನ್, ಹಳೆಯ ಮುದ್ರಣಯಂತ್ರ ಅಥವಾ ಬೆರಳಚ್ಚು ಯಂತ್ರವನ್ನು ಜೋಡಿಸಬೇಕಾದವರು ಚಾಲಕ ತಂತ್ರಾಂಶದ ಲಭ್ಯತೆಯನ್ನು ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಸಹಿಯ ಪ್ರಸ್ತಾಪ ಬಂದುದರಿಂದ ಒಂದು ಸ್ಪಷ್ಟೀಕರಣ ಅಗತ್ಯ. ಲೇಖನಿಯಿಂದ ಪರದೆಯ ಮೇಲೆ ಮಾಡಿದ ಸಹಿಯು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರಲ್ಲಿ ಹೇಳಲಾದ ಡಿಜಿಟಲ್ ಸಹಿ ಆಗುವುದಿಲ್ಲ. ಅದು ಸಹಿಯ ಚಿತ್ರ ಮಾತ್ರ. ಡಿಜಿಟಲ್ ಸಹಿಗೆ ಪ್ರಮಾಣೀಕರಣ ಪ್ರಾಧಿಕಾರದಿಂದ ಪಡೆದ ಪ್ರಮಾಣಪತ್ರ ಬೇಕು. ಡಿಜಿಟಲ್ ಸಹಿಯನ್ನು ಕೇಳಿರುವ ಅರ್ಜಿಗೆ ಪರದೆಯ ಮೇಲಿನ ಗೀಚುಸಹಿ ಸಾಲದು.

ಶಾಸನಗಳ ಪ್ರತಿ ಮಾಡಿಕೊಳ್ಳುವವರಿಗೆ

ಮಸ್ಕಿಯ ಅಶೋಕನ ಕಿರು ಬಂಡೆಶಾಸನವನ್ನು 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಪತ್ತೆಹಚ್ಚಿದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದನ್ನು ಪ್ರಕಟಿಸಿದರು. ಬ್ರಾಹ್ಮೀ ಲಿಪಿಯ, ಪ್ರಾಕೃತ ಭಾಷೆಯ ಈ ಶಾಸನವೇ ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೊತ್ತು ಬೆಳಕಿಗೆ ಬಂದ ಮೊದಲನೆಯದು. ಸಾಂಪ್ರದಾಯಿಕವಾಗಿ ಶಾಸನದ ಪಡಿಯಚ್ಚನ್ನು ಒದ್ದೆ ಕಾಗದವನ್ನು ಕಲ್ಲಿಗೆ ಹೊಂದಿಸಿ, ಕುಂಚದಿಂದ ಬಡಿದು, ಮಸಿ ಲೇಪಿಸಿ ತೆಗೆಯುತ್ತಾರೆ. ಸಂರಕ್ಷಿತ ಸ್ಮಾರಕದ ಮೇಲೆ ಸಾರ್ವಜನಿಕರು ಇದನ್ನು ಮಾಡುವಂತಿಲ್ಲ. ಆದರೆ ಓರೆ ಬೆಳಕಿನಲ್ಲಿ ತೆಗೆದ ಛಾಯಾಚಿತ್ರವನ್ನು ಟ್ಯಾಬ್ಲೆಟ್‌ಗೆ ತಂದು, ಅದರ ಮೇಲೆ ಪಾರದರ್ಶಕ ಪದರವೊಂದನ್ನಿರಿಸಿ, ಲೇಖನಿಯಿಂದ ಅಕ್ಷರಗಳನ್ನು ತಿದ್ದಿಕೊಳ್ಳಲು ಅಡ್ಡಿಯಿಲ್ಲ. ಕಲ್ಲಿಗೆ ಕೈ ತಾಗುವುದಿಲ್ಲ, ತಪ್ಪಿದ ಗೆರೆಯನ್ನು ಅಳಿಸಬಹುದು, ಖಚಿತವಾದ ಮತ್ತು ಊಹಿಸಿದ ಅಕ್ಷರಗಳನ್ನು ಬೇರೆ ಬೇರೆ ಪದರಗಳಲ್ಲಿ ಇರಿಸಬಹುದು. ಸಾಕ್ಷ್ಯ ಯಾವುದು, ಊಹೆ ಯಾವುದು ಎಂಬುದು ಹೀಗೆ ಕಣ್ಣಿಗೆ ಕಾಣುವಂತೆ ಬೇರೆಯಾಗುತ್ತದೆ. ಮುದಗಲ್ ಕೋಟೆಯ ಶಾಸನಗಳಿಗೂ, ಪಿಕ್ಲಿಹಾಳದ ಬಂಡೆಚಿತ್ರಗಳಿಗೂ ಇದೇ ವಿಧಾನ ಹೊಂದುತ್ತದೆ. ಸವೆದ ಅಕ್ಷರದ ಆಳವನ್ನು ಗೆರೆಯ ದಪ್ಪದಿಂದ ಸೂಚಿಸಬೇಕಾದ ಈ ಕೆಲಸದಲ್ಲಿ ಮಾತ್ರ ಒತ್ತಡ ಸಂವೇದನೆ ನಿಜವಾಗಿಯೂ ಬೇಕಾಗುತ್ತದೆ. ಶಾಲೆಯ ಇತಿಹಾಸ ಸಂಘಕ್ಕೆ ಒಂದೇ ಟ್ಯಾಬ್ಲೆಟ್ ಕೊಳ್ಳುವುದಾದರೆ ಒತ್ತಡ ಗ್ರಹಿಸುವ ಲೇಖನಿ ಇರುವುದನ್ನೇ ಆರಿಸತಕ್ಕದ್ದು.

ಖರೀದಿ, ಖಾತರಿ ಮತ್ತು ದೂರು

ಟ್ಯಾಬ್ಲೆಟ್‌ಗಳ ಮೇಲೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ಇರುತ್ತದೆ. ತೆರಿಗೆ ರಸೀದಿಯಿಲ್ಲದೆ ನೀಡುವ ರಿಯಾಯಿತಿಯನ್ನು ಒಪ್ಪಿಕೊಂಡವರಿಗೆ ಖಾತರಿಯನ್ನು ಕೇಳುವಾಗ ತೊಂದರೆಯಾಗುತ್ತದೆ. ಸಾಧನದ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರುವುದನ್ನು ನೋಡಿಕೊಳ್ಳಬೇಕು. ಸಂಸ್ಥೆಯ ಅಧಿಕೃತ ದುರಸ್ತಿ ಕೇಂದ್ರ ಸಿಂಧನೂರಿನಲ್ಲಿಯೇ ಇದೆಯೇ, ರಾಯಚೂರಿಗೋ ಬಳ್ಳಾರಿಗೋ ಹೋಗಬೇಕೇ ಎಂಬುದನ್ನು ಹಣ ಪಾವತಿಸುವ ಮೊದಲು ವಿಚಾರಿಸುವುದು ಅವಶ್ಯಕ. ಒಡೆದ ಪರದೆಯ ಬದಲಾವಣೆಯ ವೆಚ್ಚವನ್ನೂ ಆಗಲೇ ಕೇಳಿಕೊಳ್ಳಬೇಕು. ಲೇಖನಿಗೂ ಪ್ರತ್ಯೇಕ ಖಾತರಿ ಇದೆಯೇ, ಸವೆದ ತುದಿಗಳು ಬಿಡಿಯಾಗಿ ದೊರೆಯುತ್ತವೆಯೇ ಎಂಬುದು ಬಹುಮಂದಿ ಮರೆಯುವ ಪ್ರಶ್ನೆ. ಐಪಿ68 ಇದ್ದರೂ ನೀರಿನಿಂದಾದ ಹಾನಿಯನ್ನು ಬಹುತೇಕ ಖಾತರಿಗಳು ಒಳಗೊಳ್ಳುವುದಿಲ್ಲ.

ದೋಷಪೂರಿತ ಸಾಧನವನ್ನು ಬದಲಿಸಲು ಮಾರಾಟಗಾರರು ನಿರಾಕರಿಸಿದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಸ್ಕಿಯ ಶಾಸನ ಪತ್ತೆಯಾದ ವರ್ಷವೂ ಇದೇ ಆಗಿರುವುದರಿಂದ ಈ ಭಾಗದವರಿಗೆ ಸಂಖ್ಯೆಯನ್ನು ನೆನಪಿಡುವುದು ಕಷ್ಟವಲ್ಲ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನ ಮಳಿಗೆಯಿಂದ ಅಥವಾ ಅಂತರಜಾಲದಲ್ಲಿ ಖರೀದಿಸಿದ್ದರೂ ರಾಯಚೂರಿನಲ್ಲಿ ದೂರು ನೀಡಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಯಾವುದೇ ಶುಲ್ಕವಿರುವುದಿಲ್ಲ. ದೂರಿನೊಂದಿಗೆ ತೆರಿಗೆ ರಸೀದಿ, ಖಾತರಿ ಪತ್ರ, ಸಾಧನದ ಕ್ರಮಸಂಖ್ಯೆ ಮತ್ತು ದುರಸ್ತಿ ಕೇಂದ್ರದವರು ನೀಡಿದ ಕೆಲಸದ ಚೀಟಿಯ ಪ್ರತಿಗಳನ್ನು ಲಗತ್ತಿಸತಕ್ಕದ್ದು.